ಗಾಳ ನಿಮ್ಮದು, ಲೆಕ್ಕ ನನ್ನದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಅಮೆರಿಕದಲ್ಲಿ ಕಯಾಕ್ ಅನ್ನುವ ಸಣ್ಣ ದೋಣಿಯ ಮೇಲೆ ಕೂತು ಬಾಸ್ ಮೀನು ಹಿಡಿಯುವ ಪಂದ್ಯಗಳು ಎಷ್ಟೋ ರಾಜ್ಯಗಳಲ್ಲಿ ನಡೆಯುತ್ತವೆ. ಪ್ರತಿ ಕ್ಲಬ್ಬಿಗೂ ಅದರದ್ದೇ ಪಟ್ಟಿ, ಅದರದ್ದೇ ಒಂದನೇ ನಂಬರ್. ಇವರನ್ನೆಲ್ಲ ಸೇರಿಸಿ ಒಂದೇ ರ್‍ಯಾಂಕಿಂಗ್ ಮಾಡೋಕೆ ಆಗುತ್ತಾ ಅನ್ನುವುದು ಪ್ರಶ್ನೆ. ವಾರದ ದಿನಗಳಲ್ಲಿ ನನ್ನದು ಅಂಕಿಅಂಶದ ನೌಕರಿ. ಶನಿವಾರ ಬಂತೆಂದರೆ ಟೆನ್ನೆಸ್ಸಿಯ ಒಂದು ಕ್ಲಬ್ಬಿಗೆ ಫೋಟೋ ಜಡ್ಜ್. ಹಾಗಾಗಿ ಬೈಗುಳ ಎರಡೂ ಕಡೆಯಿಂದ ಬರುತ್ತದೆ. ಹೊಸಬರ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದವರು ಸ್ವಲ್ಪ ಸಹಿಸಿಕೊಳ್ಳಿ.

ಪ್ರಶ್ನೆ: ಅಕ್ಕಾ, ನನ್ನ ತಮ್ಮ ಹೋದ ವರ್ಷದಿಂದ ಕಯಾಕ್ ಪಂದ್ಯಗಳಿಗೆ ಹೋಗುತ್ತಿದ್ದಾನೆ. ಹಿಡಿದ ಮೀನನ್ನು ಅಲ್ಲೇ ಬಿಟ್ಟುಬಿಡುತ್ತಾರಂತೆ, ತೂಕ ಕೂಡ ಹಾಕುವುದಿಲ್ಲವಂತೆ. ಮತ್ತೆ ಗೆದ್ದವರು ಯಾರು ಅಂತ ಹೇಗೆ ಗೊತ್ತಾಗುತ್ತೆ? ಸುಮ್ನೆ ನಂಬೋದಾ? (ಓಹಾಯೊದಿಂದ ಒಬ್ಬ ಓದುಗರು)

ಉತ್ತರ: ನಂಬೋದಲ್ಲ, ಫೋಟೋ ನೋಡೋದು. ಮೋಟಾರ್ ದೋಣಿಯ ಬಾಸ್ ಪಂದ್ಯಗಳಲ್ಲಿ ತೂಕವೇ ಲೆಕ್ಕ. ಆ ಪಂದ್ಯಗಳಿಗೆ ಈಗಿನ ರೂಪ ಕೊಟ್ಟವರು ರೇ ಸ್ಕಾಟ್. 1967ರಲ್ಲಿ ಆರ್ಕನ್ಸಾದ ಬೀವರ್ ಲೇಕ್‌ನಲ್ಲಿ ಮೊದಲ ದೊಡ್ಡ ಪಂದ್ಯ ಮಾಡಿದರು. ಹಿಡಿದದ್ದನ್ನು ಕೊಲ್ಲಬೇಡಿ ಅಂತ 1972ರಲ್ಲಿ ಪ್ರಚಾರ ಶುರು ಮಾಡಿದವರೂ ಅವರೇ. ದೋಣಿಯಲ್ಲಿ ಗಾಳಿ ಹಾಯಿಸುವ ನೀರಿನ ತೊಟ್ಟಿ ಇರುತ್ತದೆ. ಅದರಲ್ಲಿ ಮೀನನ್ನು ಜೀವಂತ ಇಟ್ಟುಕೊಂಡು ಸಂಜೆ ತಕ್ಕಡಿಗೆ ತರುತ್ತಾರೆ. ಕಯಾಕ್‌ನಲ್ಲಿ ಅಂಥ ತೊಟ್ಟಿಗೆ ಜಾಗ ಎಲ್ಲಿ? ಅದಕ್ಕೇ ಹಿಡಿ, ಫೋಟೋ ತೆಗೆ, ಬಿಡು ಅನ್ನುವ ಪದ್ಧತಿ ಬಂತು.

ಕಯಾಕ್‌ನಲ್ಲಿ ಒಂದು ಅಳತೆ ಬೋರ್ಡ್ ಇರುತ್ತದೆ. ಅದರ ಒಂದು ತುದಿಗೆ ಅಡ್ಡಪಟ್ಟಿ. ಮೀನಿನ ಮೂತಿ ಅದಕ್ಕೆ ತಾಗಬೇಕು, ಬಾಲ ಗೆರೆಗಳ ಮೇಲೆ ಬೀಳಬೇಕು. ಪಂದ್ಯ ಶುರುವಾಗುವ ಸ್ವಲ್ಪ ಮುಂಚೆ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಅದನ್ನು ಬರೆದ ಚೀಟಿ ಫೋಟೋದಲ್ಲಿ ಕಾಣಬೇಕು. ಹೋದ ವಾರದ ಮೀನನ್ನು ಈ ವಾರ ತೋರಿಸುವ ಹಾಗಿಲ್ಲ, ಅಷ್ಟೇ. ಫೋಟೋ ಟೂರ್ನಿಎಕ್ಸ್‌ನಂಥ ಆ್ಯಪ್‌ಗೆ ಹೋಗುತ್ತದೆ, ನನ್ನಂಥವರು ನೋಡಿ ಒಪ್ಪುತ್ತಾರೆ. ದಿನದ ಅತಿ ಉದ್ದದ ಐದು ಮೀನುಗಳ ಇಂಚುಗಳನ್ನು ಕೂಡಿದರೆ ಅದೇ ನಿಮ್ಮ ತಮ್ಮನ ಮೊತ್ತ. ಎಂಟತ್ತು ಹಿಡಿದಿದ್ದರೂ ಲೆಕ್ಕಕ್ಕೆ ಐದೇ. ಸರಾಸರಿ 18 ಇಂಚಿನ ಐದು ಮೀನು ಅಂದರೆ 90. ಹೆಚ್ಚಿನ ಕೆರೆಗಳಲ್ಲಿ ಅದು ಒಳ್ಳೆಯ ದಿನ. ನೂರು ದಾಟಿದವರು ಜೀವನಪೂರ್ತಿ ಅದನ್ನೇ ಹೇಳಿಕೊಂಡು ತಿರುಗುತ್ತಾರೆ, ಅವರನ್ನು ಕ್ಷಮಿಸಬೇಕು.

ಈ ಪದ್ಧತಿಯಿಂದ ಇನ್ನೊಂದು ಅನುಕೂಲ ಇದೆ. ಟೆಕ್ಸಸ್‌ನ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಲಾರ್ಜ್‌ಮೌತ್ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ. ತಕ್ಕಡಿ ಪಂದ್ಯಕ್ಕೆ ಇದು ದೊಡ್ಡ ತಲೆನೋವು. ಅಲ್ಲೇ ಅಳೆದು ಅಲ್ಲೇ ಬಿಡುವ ಕಯಾಕ್‌ನವರಿಗೆ ಆ ತಾಪತ್ರಯ ಇಲ್ಲ.

ಪ್ರಶ್ನೆ: ನಾನು ಮಿನ್ನೆಸೋಟದಲ್ಲಿದ್ದೇನೆ, ನಮ್ಮ ಭಾವ ಫ್ಲೋರಿಡಾದಲ್ಲಿ. ಇಬ್ಬರೂ ನಮ್ಮ ನಮ್ಮ ಕ್ಲಬ್ ಪಂದ್ಯಗಳಿಗೆ ಹೋಗುತ್ತೇವೆ. ಅವರ ಸರಾಸರಿ 88 ಇಂಚು, ನನ್ನದು 81. ಫೋನ್ ಮಾಡಿದಾಗಲೆಲ್ಲ ಇದೇ ಮಾತು. ನಿಜಕ್ಕೂ ಅವರು ನನಗಿಂತ ಮೇಲಾ? ನೇರವಾಗಿ ಹೇಳಿ ಮೇಡಂ.

ಉತ್ತರ: ನೇರವಾಗಿ ಹೇಳುತ್ತೇನೆ. ಇಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಅಡ್ಡಗೋಡೆ ಮೇಲೆ ದೀಪ ಇಡುತ್ತಿದ್ದೀರಿ ಅನ್ನಬೇಡಿ, ಪೂರ್ತಿ ಓದಿ.

ಫ್ಲೋರಿಡಾದಲ್ಲಿ ನೀರು ವರ್ಷವಿಡೀ ಬೆಚ್ಚಗಿರುತ್ತದೆ, ಮೀನು ವರ್ಷವಿಡೀ ತಿಂದು ಬೆಳೆಯುತ್ತದೆ. ಮೇಲಾಗಿ ಅಲ್ಲಿನ ಬಾಸ್ ತಳಿಯೇ ದೊಡ್ಡದಾಗುವ ತಳಿ. ನಿಮ್ಮಲ್ಲಿ ಕೆರೆ ತಿಂಗಳುಗಟ್ಟಲೆ ಹೆಪ್ಪುಗಟ್ಟಿರುತ್ತದೆ, ಬೆಳೆಯುವ ಕಾಲವೇ ಕಡಿಮೆ. ಅಷ್ಟು ದೂರ ಯಾಕೆ, ನಮ್ಮ ಟೆನ್ನೆಸ್ಸಿಯ ಒಳಗೇ ನೋಡಿ. ಚಿಕಮಾಗಾ ಜಲಾಶಯಕ್ಕೆ 2000ದಿಂದ ಈಚೆಗೆ ಫ್ಲೋರಿಡಾ ತಳಿಯ ಮರಿ ಬಿಟ್ಟರು. 2015ರಲ್ಲಿ ರಾಜ್ಯದ ದಾಖಲೆ ಬಾಸ್ ಸಿಕ್ಕಿದ್ದು ಅಲ್ಲೇ, 15 ಪೌಂಡಿಗೂ ಜಾಸ್ತಿ ತೂಕದ್ದು. ಅದಕ್ಕೂ ಮುಂಚಿನ ದಾಖಲೆ 1954ರದ್ದು. ಗಾಳ ಹಾಕುವವರು ಒಂದೇ ಸಲಕ್ಕೆ ಜಾಣರಾಗಿಬಿಟ್ಟರಾ? ನೀರಿಗೆ ಬಿಟ್ಟ ಮರಿ ಬದಲಾಗಿತ್ತು. ಒಂದೇ ಜಲಾಶಯದಲ್ಲೂ ಮಾರ್ಚ್ ಬೇರೆ, ಆಗಸ್ಟ್ ಬೇರೆ. ಮೊಟ್ಟೆ ಇಡುವ ಮುಂಚೆ ದೊಡ್ಡ ಹೆಣ್ಣು ಮೀನು ದಡದ ಕಡೆ ಬರುತ್ತದೆ, ಬಿರುಬೇಸಿಗೆಯಲ್ಲಿ ಆಳಕ್ಕೆ ಇಳಿದುಬಿಡುತ್ತದೆ.

ಹಾಗಾಗಿ ಇಂಚನ್ನು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೊತ್ತುಕೊಂಡು ಹೋಗಬೇಡಿ. ಅದೇ ದಿನ, ಅದೇ ನೀರಿನಲ್ಲಿ, ಅದೇ ಗಾಳಿಮಳೆಯಲ್ಲಿ ಇದ್ದವರಲ್ಲಿ ಎಷ್ಟು ಜನರನ್ನು ನೀವು ಹಿಂದೆ ಹಾಕಿದಿರಿ? ಅದನ್ನು ಕೇಳಿ. 20 ಜನರಲ್ಲಿ 5ನೇ ಸ್ಥಾನ ಅಂದರೆ ಉಳಿದ 19ರಲ್ಲಿ 15 ಮಂದಿ ನಿಮ್ಮ ಹಿಂದೆ, ನೂರಕ್ಕೆ 79. 200 ಜನರಲ್ಲಿ 30ನೇ ಸ್ಥಾನ ಅಂದರೆ 199ರಲ್ಲಿ 170 ಮಂದಿ ಹಿಂದೆ, ನೂರಕ್ಕೆ 85. ಕೇಳೋಕೆ 5 ಚೆಂದ, ಲೆಕ್ಕಕ್ಕೆ 30 ಮೇಲು.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಮತ್ತೊಂದು ಗುಂಡಿಗೆ ಬೀಳುತ್ತೇವೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಹನ್ನೆರಡು ಜನ ಬರುವ ಕ್ಲಬ್ಬಿನಲ್ಲಿ, ಅದೂ ಅರ್ಧ ಜನ ಇದೇ ವರ್ಷ ಗಾಳ ಹಿಡಿದವರು ಇದ್ದರೆ, ನೂರಕ್ಕೆ 90 ಬರುವುದು ಕಷ್ಟವೇನಲ್ಲ. ಎದುರಾಳಿಗಳು ಎಂಥವರು ಅನ್ನುವುದು ಗೊತ್ತಾಗದೆ ಈ ಶೇಕಡಾವಾರಿಗೂ ಅರ್ಥ ಇಲ್ಲ.

ಎರಡು ಕ್ಲಬ್ಬುಗಳ ಬಲ ಗೊತ್ತಾಗುವುದು ಎರಡೂ ಕಡೆ ಆಡಿದವರಿಂದ ಮಾತ್ರ. ನಿಮ್ಮ ಕ್ಲಬ್ಬಿನ ಆರು ಜನ ಪಕ್ಕದ ರಾಜ್ಯದ ಪಂದ್ಯಗಳಿಗೂ ಹೋದರು ಅಂದುಕೊಳ್ಳಿ. ಊರಲ್ಲಿ ಅವರು ಯಾವಾಗಲೂ ಮೇಲಿನ ಕಾಲು ಭಾಗದಲ್ಲಿ ಇರುವವರು. ಅಲ್ಲಿ ಹೋಗಿ ಮಧ್ಯಕ್ಕೆ ಇಳಿದರು. ಸರಿ, ಆ ಕ್ಲಬ್ಬು ನಮ್ಮದಕ್ಕಿಂತ ಬಲ ಅಂತ ಪುಸ್ತಕದಲ್ಲಿ ಬರೆದುಬಿಡುತ್ತಾರೆ. ತಡೀರಿ. ಅವರಿಗೆ ಅಲ್ಲಿನ ನೀರು ಹೊಸದು. ಯಾವ ತಿರುವಿನಲ್ಲಿ ಮರದ ಬೊಡ್ಡೆ ಮುಳುಗಿದೆ, ಯಾವ ದಡದಲ್ಲಿ ಬೆಳಗ್ಗೆ ಹೊತ್ತು ಮೀನು ಇರುತ್ತದೆ, ಒಂದೂ ಗೊತ್ತಿಲ್ಲ. ಇಳಿದಿದ್ದು ಎದುರಾಳಿಗಳ ಬಲಕ್ಕಾ, ಹೊಸ ನೀರಿಗಾ?

ಗೊತ್ತಾಗಬೇಕಾದರೆ ಅಲ್ಲಿಂದ ಇಲ್ಲಿಗೆ ಬಂದವರನ್ನೂ ನೋಡಬೇಕು. ಅವರೂ ಇಲ್ಲಿ ಬಂದು ಇಳಿದರೆ, ಇದು ಹೊಸ ನೀರಿನ ಹೊಡೆತ, ಎರಡು ಕ್ಲಬ್ಬೂ ಹೆಚ್ಚುಕಡಿಮೆ ಸಮ. ಅಲ್ಲಿ ಮಧ್ಯದಲ್ಲಿದ್ದವರು ಇಲ್ಲಿ ಬಂದು ಮೇಲಕ್ಕೆ ಹೋದರೆ ಮಾತ್ರ ಆ ಕ್ಲಬ್ಬು ನಿಜಕ್ಕೂ ಬಲವಾದದ್ದು. ಒಂದೇ ದಿಕ್ಕಿನ ಓಡಾಟದಿಂದ ತೀರ್ಪು ಕೊಡಬಾರದು. ನಾನು ನೋಡಿದ ಪ್ರಾದೇಶಿಕ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇದೇ ಕೆಡುವುದು, ಮತ್ತು ಇದನ್ನು ಯಾರೂ ಕೇಳುವುದಿಲ್ಲ.

ಹೀಗೆ ಓಡಾಡುವವರು ಕ್ಲಬ್ಬಿನ ಸಾಮಾನ್ಯ ಸದಸ್ಯರಲ್ಲ ಅನ್ನುವುದನ್ನೂ ಮರೆಯಬೇಡಿ. ಪೆಟ್ರೋಲ್ ಖರ್ಚು, ರಜೆ, ಮನೆಯವರ ಒಪ್ಪಿಗೆ ಎಲ್ಲ ಇರುವವರು. ಹುಚ್ಚು ಜಾಸ್ತಿ ಇರುವವರು. ಆದ್ದರಿಂದ ಅವರನ್ನು ಬೇರೆಯವರ ಜೊತೆ ಹೋಲಿಸದೆ, ಊರಲ್ಲಿ ಅವರು ಹೇಗಿದ್ದರು, ಹೊರಗೆ ಹೇಗಿದ್ದರು ಅಂತ ಅವರನ್ನು ಅವರ ಜೊತೆಯೇ ಹೋಲಿಸಬೇಕು. ದೊಡ್ಡ ಸರಣಿಗಳ ಪಂದ್ಯಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಕೆಬಿಎಫ್ (ಕಯಾಕ್ ಬಾಸ್ ಫಿಶಿಂಗ್), ಹೋಬಿ ಸರಣಿ, 2020ರಲ್ಲಿ ಶುರುವಾದ ಬಾಸ್‌ಮಾಸ್ಟರ್ ಕಯಾಕ್ ಸರಣಿ ಇವಕ್ಕೆಲ್ಲ ಹತ್ತಾರು ರಾಜ್ಯದವರು ಬರುತ್ತಾರೆ. ಆಗ ಹೆಚ್ಚಿನವರಿಗೆ ನೀರು ಹೊಸದೇ. ಕೆಂಟಕಿ ಲೇಕ್‌ನಲ್ಲಿ ನಡೆದರೆ ಕೆಂಟಕಿ, ಟೆನ್ನೆಸ್ಸಿಯವರಿಗೆ ಸ್ವಲ್ಪ ಅನುಕೂಲ, ನಿಜ. ಆದರೂ ಸಿಗುವುದರಲ್ಲಿ ಅದೇ ವಾಸಿ.

ಇನ್ನು ನಿಮ್ಮ ಭಾವನವರ ವಿಷಯ. ನಿಮ್ಮಿಬ್ಬರ ಕ್ಲಬ್ಬುಗಳ ನಡುವೆ ಓಡಾಡಿದವರು ಒಬ್ಬರೂ ಇಲ್ಲದಿದ್ದರೆ ಯಾವ ಸೂತ್ರ ಹಾಕಿದರೂ ಉತ್ತರ ಬರುವುದಿಲ್ಲ. ಮುಂದಿನ ಸಲ ಫೋನ್ ಬಂದಾಗ 88ರ ಮಾತು ಎತ್ತಿದರೆ, ಎಷ್ಟು ಜನರಲ್ಲಿ ಎಷ್ಟನೆಯವರು ಅಂತ ಕೇಳಿ. ಆಮೇಲೆ ಜೂನ್‌ನಲ್ಲಿ ಮಿನ್ನೆಸೋಟಕ್ಕೆ ಕರೆಯಿರಿ.

ಪ್ರಶ್ನೆ: ನಾನು ಎಂಜಿನಿಯರ್. ಶೇಕಡಾವಾರು ಬೇಡ, ಆ ದಿನದ ಸರಾಸರಿಗಿಂತ ಎಷ್ಟು ಮೇಲೆ ಅಂತ, ಅಂಕಗಳ ಹರಡುವಿಕೆಯ ಅಳತೆಯಾದ ಸ್ಟ್ಯಾಂಡರ್ಡ್ ಡೀವಿಯೇಷನ್‌ನಲ್ಲಿ ಅಳೆದರೆ ಸಾಕಲ್ವಾ? ಸ್ಥಾನ ನೋಡಿದರೆ ದೊಡ್ಡ ಅಂತರದಿಂದ ಗೆದ್ದವರಿಗೂ ಕಾಲು ಇಂಚಿನಿಂದ ಗೆದ್ದವರಿಗೂ ಒಂದೇ ಬೆಲೆ ಆಗುತ್ತೆ. (ಉತ್ತರ ಕೆರೊಲಿನಾ)

ಉತ್ತರ: ನಿಮ್ಮ ಆಕ್ಷೇಪ ಸರಿ. ಆದರೆ ನಿಜವಾದ ಒಂದು ಫಲಿತಾಂಶದ ಪಟ್ಟಿ ತೆಗೆದು ನೋಡಿ. ಅದು ಪಾಠದ ಪುಸ್ತಕದ ಗಂಟೆಯಾಕಾರದಲ್ಲಿ, ಅಂದರೆ ಮಧ್ಯದಲ್ಲಿ ಗುಡ್ಡೆಯಾಗಿ ಎರಡೂ ಕಡೆ ಸಮವಾಗಿ ಇಳಿಯುವ ಹಾಗೆ, ಇರುವುದಿಲ್ಲ. ಐದು ಮೀನು ಸಿಕ್ಕವರು ಒಂದು ಗುಂಪು, ನಾಲ್ಕು ಸಿಕ್ಕವರು ಅವರಿಗಿಂತ ತುಂಬ ಕೆಳಗೆ ಇನ್ನೊಂದು ಗುಂಪು, ಮೂರಕ್ಕೆ ಇನ್ನೊಂದು, ಕೊನೆಯಲ್ಲಿ ಸೊನ್ನೆಯವರು. 16 ಇಂಚಿನ ಐದು ಮೀನಿಗೆ 80, ನಾಲ್ಕಕ್ಕೆ 64. ಆ ಐದನೇ ಮೀನು ಗಾಳ ಕಚ್ಚಿ ಕಯಾಕ್ ಪಕ್ಕದಲ್ಲೇ ತಪ್ಪಿಸಿಕೊಂಡಿರಬಹುದು. ಅಷ್ಟಕ್ಕೆ 16 ಇಂಚು ಹೋಯಿತು. ಅದೇ ದಿನ ಐದೂ ಹಿಡಿದ ಇಬ್ಬರ ನಡುವೆ ಜಾಣತನದಲ್ಲಿ ವ್ಯತ್ಯಾಸ ಇದ್ದರೂ, ಅಂತರ ಎಷ್ಟೋ ಸಲ ಮೂರೋ ನಾಲ್ಕೋ ಇಂಚು. ಮೀನು ಕಚ್ಚದ ದಿನ ಅರ್ಧ ಜನ ಸೊನ್ನೆ ತಂದರಂತೂ ಸರಾಸರಿಯೇ ನೆಲಕಚ್ಚುತ್ತದೆ. ಎರಡು ಮೀನು ಹಿಡಿದವರೂ ಆಗ ದೊಡ್ಡ ವೀರರಾಗಿ ಕಾಣುತ್ತಾರೆ.

ಸ್ಥಾನದ ಲೆಕ್ಕ ಒರಟು. ಆದರೆ ಈ ಎತ್ತರ ತಗ್ಗಿಗೆ ಅದು ಅಷ್ಟು ಬೇಗ ಬಗ್ಗುವುದಿಲ್ಲ. ಆದ್ದರಿಂದ ನಾನು ಸ್ಥಾನವನ್ನೇ ನೆಚ್ಚುತ್ತೇನೆ. ಅಂತರಕ್ಕೂ ಒಂದಿಷ್ಟು ಬೆಲೆ ಕೊಡಲೇಬೇಕು ಅಂತ ನಿಮಗಿದ್ದರೆ, ಐದೂ ಮೀನು ತಂದವರ ನಡುವೆ ಮಾತ್ರ ಕೊಡಿ.

ಪ್ರಶ್ನೆ: ಮೇಡಂ, ನನ್ನ ಮೀನು 19.75 ಇಂಚು ಇತ್ತು. ಜಡ್ಜ್ 19.50 ಕೊಟ್ಟರು. ಆ ಕಾಲು ಇಂಚಿನಿಂದ ಎಂಟು ಸ್ಥಾನ ಹೋಯಿತು, ರಾಜ್ಯದ ಪಟ್ಟಿಯಲ್ಲೂ ಕೆಳಗೆ ಇಳಿದೆ. ನೀವೂ ಜಡ್ಜ್ ಅಲ್ವಾ, ಹೀಗೇನಾ ಮಾಡೋದು?

ಉತ್ತರ: ನಾನೂ ಹೀಗೇ ಮಾಡೋದು. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಲದ ಮೇಲಿನ ತುದಿ 19.75ರ ಗೆರೆಯ ಹತ್ತಿರ ಬಂದಿದೆ, ತಾಗಿಲ್ಲ. ನಡುವೆ ಒಂದು ಕೂದಲೆಳೆಯಷ್ಟು ಬೋರ್ಡ್ ಕಾಣುತ್ತಿದೆ. ಗೆರೆ ತಾಗದಿದ್ದರೆ ಹಿಂದಿನ ಕಾಲು ಇಂಚಿಗೆ ಇಳಿಸಬೇಕು ಅನ್ನುವುದು ನಿಯಮ. ಅಂದಾಜಿಗೆ ಜಾಗ ಇಲ್ಲ.

ಅದೂ ಅಲ್ಲದೆ ನೀವು ಫೋಟೋ ತೆಗೆದಿರುವುದು ಬಾಲದ ಕಡೆಯಿಂದ, ಓರೆಯಾಗಿ. ಮೀನಿನ ಬಾಲ ಬೋರ್ಡಿಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ಮೇಲೆ ಎದ್ದಿರುತ್ತದೆ. ಬಾಲದ ಆಚೆಯಿಂದ ಓರೆಯಾಗಿ ನೋಡಿದರೆ ಆ ತುದಿ ಬೋರ್ಡಿನ ಮೇಲೆ ಹಿಂದಿನ ಗೆರೆಯ ಕಡೆ ಬಿದ್ದ ಹಾಗೆ ಕಾಣುತ್ತದೆ. ತಲೆಯ ಕಡೆಯಿಂದ ತೆಗೆದರೆ ಉಲ್ಟಾ, ಮೀನು ಉದ್ದವಾಗಿ ಕಾಣುತ್ತದೆ. ಅದನ್ನು ಬೇಕಂತಲೇ ಮಾಡುವವರೂ ಇದ್ದಾರೆ, ನಮಗೂ ಗೊತ್ತಾಗುತ್ತದೆ. ಫೋನ್ ನೇರ ಮೇಲಿನಿಂದ ಹಿಡಿಯಿರಿ. ಬೋರ್ಡ್ ಒದ್ದೆ ಇದ್ದು ಬಿಸಿಲು ಬಿದ್ದರೆ ಅಲ್ಯೂಮಿನಿಯಂ ಹೊಳೆದು ಗೆರೆಯೇ ಕಾಣುವುದಿಲ್ಲ. ಮೈ ಅಡ್ಡ ಮಾಡಿ ನೆರಳು ಬೀಳಿಸಿ. ಬಾಯಿ ಮುಚ್ಚಿರಲಿ, ಮೂತಿ ಅಡ್ಡಪಟ್ಟಿಗೆ ತಾಗಿರಲಿ. ಕಣ್ಣು ಕೈಯಿಂದ ಮುಚ್ಚಬೇಡಿ, ಕಿವಿರಿನ ಒಳಗೆ ಬೆರಳು ಹಾಕಬೇಡಿ. ಮೂತಿ ನಿಜಕ್ಕೂ ಪಟ್ಟಿಗೆ ತಾಗಿದೆಯಾ ಇಲ್ಲವಾ ಅಂತ ನಾನು ಮೊದಲು ನೋಡುತ್ತೇನೆ. ಎಷ್ಟೋ ಜನ ಬಾಲದ ಕಡೆಯೇ ಗಮನ ಇಟ್ಟು ಆ ಕಡೆ ಮರೆತಿರುತ್ತಾರೆ. ಆಮೇಲೆ ಮೈಮೇಲಿನ ಕಪ್ಪು ಪಟ್ಟೆ ನೋಡುತ್ತೇನೆ. ಲಾರ್ಜ್‌ಮೌತ್ ಬಾಸ್‌ಗೆ ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟೆ ಇರುತ್ತದೆ, ಅದು ಎಲ್ಲಿ ಮುರಿದಿದೆ, ಎಲ್ಲಿ ದಪ್ಪ ಅನ್ನುವುದು ಮೀನಿನಿಂದ ಮೀನಿಗೆ ಬೇರೆ. ಒಂದೇ ಮೀನನ್ನು ಎರಡು ಸಲ ಹಾಕಿದರೆ ಸಿಕ್ಕಿಬೀಳುವುದು ಅಲ್ಲೇ. ಹರಿದ ರೆಕ್ಕೆ ಇದ್ದರಂತೂ ಇನ್ನೂ ಸುಲಭ.

ನಿಮ್ಮ ಪತ್ರದಲ್ಲಿ ನಿಜವಾದ ದೂರು ಒಂದಿದೆ, ಅದು ಜಡ್ಜ್ ಮೇಲಲ್ಲ. ಕಾಲು ಇಂಚಿಗೆ ಎಂಟು ಸ್ಥಾನ ಹೋಗುವುದು ಪಟ್ಟಿಯ ಮಧ್ಯದಲ್ಲಿ ಮಾತ್ರ, ಯಾಕೆಂದರೆ ಜನ ಒತ್ತೊತ್ತಾಗಿ ಇರುವುದು ಅಲ್ಲಿ. ಹಾಗಾದರೆ 40ನೆಯವರಿಗೂ 48ನೆಯವರಿಗೂ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತಲೇ ಅರ್ಥ. ರ್‍ಯಾಂಕಿಂಗ್ ಮಾಡುವವರು ಇದನ್ನು ಒಪ್ಪಿಕೊಂಡು, ಅಷ್ಟು ಹತ್ತಿರ ಇರುವವರನ್ನು ಸಮ ಅಂತ ಬರೆಯಬೇಕು. ಮೀನಿನ ದಾಖಲೆಗಳಲ್ಲಿ ಈ ಬುದ್ಧಿವಂತಿಕೆ ಮೊದಲೇ ಇದೆ. ಜಾರ್ಜ್ ಪೆರ್ರಿ 1932ರಲ್ಲಿ ಜಾರ್ಜಿಯಾದಲ್ಲಿ ಹಿಡಿದ ಲಾರ್ಜ್‌ಮೌತ್ ತೂಕ 22 ಪೌಂಡ್ 4 ಔನ್ಸ್. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ಸುಮಾರು ಒಂದು ಔನ್ಸ್ ಜಾಸ್ತಿ. ಆದರೂ ದಾಖಲೆ ಮುರಿಯಲಿಲ್ಲ, ಸಮ ಅಂತ ಬರೆದರು. ಮುರಿಯಬೇಕಾದರೆ ಕನಿಷ್ಠ ಎರಡು ಔನ್ಸ್ ಜಾಸ್ತಿ ಇರಬೇಕು ಅನ್ನುವುದು ನಿಯಮ. ವಿಶ್ವದಾಖಲೆಗೇ ಇಷ್ಟು ಸಂಯಮ ಇದೆ, ನಮ್ಮ 40ನೇ ಸ್ಥಾನಕ್ಕೆ ಬೇಡವಾ?

ಪ್ರಶ್ನೆ: ಚೆಸ್‌ನಲ್ಲಿ ಎಲೋ ರೇಟಿಂಗ್ ಇದೆ. ಯಾವ ದೇಶದವರನ್ನು ಬೇಕಾದರೂ ಹೋಲಿಸಬಹುದು. ಇಲ್ಲಿ ಯಾಕೆ ಅದನ್ನೇ ತರಬಾರದು? (ಮಿಸೌರಿ)

ಉತ್ತರ: ತರಬಹುದು, ಪ್ರಯತ್ನ ಮಾಡಿದವರೂ ಇದ್ದಾರೆ. ಆರ್ಪಾಡ್ ಎಲೋ ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಅವರ ಪದ್ಧತಿಯನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಒಪ್ಪಿಕೊಂಡವು. ಇಬ್ಬರ ರೇಟಿಂಗ್ ನಡುವೆ 200 ಅಂಕ ಅಂತರ ಇದ್ದರೆ ಮೇಲಿನವರಿಗೆ ನೂರಕ್ಕೆ ಸುಮಾರು 76 ಅಂಕ ಸಿಗಬೇಕು, 400 ಇದ್ದರೆ 91. ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಡಿದರೆ ಅಂಕ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ.

ನಮ್ಮ ಪಂದ್ಯಕ್ಕೆ ಹಾಕಬೇಕಾದರೆ ಒಂದೊಂದು ಪಂದ್ಯವನ್ನೂ ಜೋಡಿ ಜೋಡಿಯಾಗಿ ಒಡೆಯಬೇಕು. 100 ಜನ ಇದ್ದರೆ 4,950 ಜೋಡಿ. ಮೊದಲನೆಯವರು ಒಂದೇ ದಿನ 99 ಜನರನ್ನು ಸೋಲಿಸಿದ ಹಾಗಾಯಿತು! ಎಡವಟ್ಟು ಇರುವುದು ಇಲ್ಲೇ. ಅದು 99 ಬೇರೆ ಬೇರೆ ಆಟ ಅಲ್ಲ. ಒಂದೇ ಬೆಳಗ್ಗೆ, ಒಂದೇ ಮೂಲೆ ಆರಿಸಿಕೊಂಡದ್ದು, ಅದು ಫಲಿಸಿತು. ಮೂಲೆ ತಪ್ಪಾಗಿದ್ದರೆ ಅದೇ ವ್ಯಕ್ತಿ 60 ಜನರ ಕೈಲಿ ಸೋಲುತ್ತಿದ್ದರು. ಆದ್ದರಿಂದ ಒಂದು ಪಂದ್ಯಕ್ಕೆ ಅಂಕ ಎಷ್ಟು ಏರಬಹುದು ಅನ್ನುವುದನ್ನು ಚೆಸ್‌ಗಿಂತ ತುಂಬ ಬಿಗಿ ಮಾಡಬೇಕು. ಬಿಗಿ ಮಾಡದೆ ಹಾಕಿದ ಪಟ್ಟಿಗಳು ಪ್ರತಿ ಸೋಮವಾರ ತಲೆಕೆಳಗಾಗುತ್ತವೆ.

ಇನ್ನೊಂದು ವಿಷಯ. ಯಾವ ದೇಶದವರನ್ನು ಬೇಕಾದರೂ ಹೋಲಿಸಬಹುದು ಅಂದಿರಲ್ಲ, ಚೆಸ್‌ನವರು ದೇಶ ದೇಶ ಸುತ್ತಿ ಆಡುವುದರಿಂದ ಅದು ಸಾಧ್ಯ. ಒಂದಕ್ಕೊಂದು ಸೇರದ ಎರಡು ಗುಂಪುಗಳಲ್ಲಿ ಎಲೋ 1800 ಅಂದರೆ ಎರಡು ಕಡೆಯೂ ಒಂದೇ ಅರ್ಥ ಇರುವುದಿಲ್ಲ. ಮೇಲೆ ಮಿನ್ನೆಸೋಟದವರಿಗೆ ಹೇಳಿದ ಮಾತೇ ಇದು, ಸೂತ್ರ ಬದಲಾದರೂ ತಪ್ಪುವುದಿಲ್ಲ. ನನ್ನನ್ನು ಕೇಳಿದರೆ ಎಲೋಗಿಂತ ಮಾರ್ಕ್ ಗ್ಲಿಕ್‌ಮನ್ ಅವರ ಗ್ಲಿಕೋ ಪದ್ಧತಿ ವಾಸಿ. ಅದರಲ್ಲಿ ಪ್ರತಿಯೊಬ್ಬರಿಗೂ ಎರಡು ಅಂಕಿ. ಒಂದು ಬಲ ಎಷ್ಟು ಅಂತ, ಇನ್ನೊಂದು ಅದು ಎಷ್ಟು ಖಚಿತ ಅಂತ. ವರ್ಷಕ್ಕೆ ನಾಲ್ಕೋ ಐದೋ ಪಂದ್ಯ ಆಡುವ ಜನಕ್ಕೆ ಆ ಎರಡನೇ ಅಂಕಿ ಬೇಕೇ ಬೇಕು.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ವರ್ಷದ ಚಾಂಪಿಯನ್ ಅಂತ ಕೊಡುವುದು ಅತ್ಯುತ್ತಮ ಮೂರು ಪಂದ್ಯಗಳ ಅಂಕ ಕೂಡಿಸಿ. ನನಗೆ ಹೋಗೋಕೆ ಆಗಿದ್ದು ಮೂರಕ್ಕೇ. ಗೆದ್ದವರು ಎಂಟಕ್ಕೂ ಹೋಗಿದ್ದರು. ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ, ಆದರೆ ನಿಮಗೆ ಅನ್ನಿಸಿದ್ದು ಸರಿ. ಒಂದು ದಾಳವನ್ನು ಮೂರು ಸಲ ಉರುಳಿಸಿದರೆ ಸರಾಸರಿ 3.5 ಬರುತ್ತದೆ. ಅದೇ ದಾಳವನ್ನು ಎಂಟು ಸಲ ಉರುಳಿಸಿ ಒಳ್ಳೆಯ ಮೂರನ್ನು ಮಾತ್ರ ಇಟ್ಟುಕೊಂಡರೆ ಸರಾಸರಿ 5ರ ಆಸುಪಾಸು. ದಾಳ ಏನೂ ಜಾಣ ಆಗಲಿಲ್ಲ. ಕ್ಲಬ್ಬಿನವರಿಗೆ ಈ ನಿಯಮ ಬೇಕು, ಯಾಕೆಂದರೆ ಜನ ಜಾಸ್ತಿ ಪಂದ್ಯಕ್ಕೆ ಬರಬೇಕು, ಪ್ರವೇಶ ಶುಲ್ಕ ಬರಬೇಕು. ವರ್ಷದ ಕಪ್ಪಿಗೆ ಅದು ಸರಿಯಾದ ನಿಯಮವೇ. ತೊಂದರೆ ಬರುವುದು ಆ ಕಪ್ಪಿನ ಪಟ್ಟಿಯನ್ನೇ ಯಾರು ಮೇಲು ಅನ್ನುವ ಪಟ್ಟಿ ಅಂತ ಓದಿದಾಗ. ಬಲದ ಪಟ್ಟಿ ಬೇಕಾದರೆ ಆಡಿದ ಎಲ್ಲ ಪಂದ್ಯಗಳನ್ನೂ ತೆಗೆದುಕೊಳ್ಳಬೇಕು, ಕೆಟ್ಟವನ್ನೂ ಸೇರಿಸಿ.

ಇದರ ಉಲ್ಟಾ ಕೂಡ ನಡೆಯುತ್ತದೆ. ಎರಡೇ ಪಂದ್ಯ ಆಡಿ ಎರಡನ್ನೂ ಗೆದ್ದವರು ಸರಾಸರಿಯಲ್ಲಿ ಎಲ್ಲರ ತಲೆ ಮೇಲೆ ಕೂರುತ್ತಾರೆ. 1986ರಲ್ಲಿ ಶುರುವಾದ ಗಾಲ್ಫ್‌ನ ವಿಶ್ವ ರ್‍ಯಾಂಕಿಂಗ್ ಇದಕ್ಕೆ ಒಂದು ಉಪಾಯ ಮಾಡಿದೆ. ಎರಡು ವರ್ಷದ ಅಂಕಗಳನ್ನು ಆಡಿದ ಪಂದ್ಯಗಳ ಸಂಖ್ಯೆಯಿಂದ ಭಾಗಿಸುತ್ತಾರೆ, ಆದರೆ 40ಕ್ಕಿಂತ ಕಡಿಮೆ ಆಡಿದ್ದರೂ 40ರಿಂದಲೇ ಭಾಗಾಕಾರ. ನಮ್ಮಲ್ಲಿ 40 ತುಂಬ ದೊಡ್ಡದಾಯಿತು, ಐದೋ ಆರೋ ಇಟ್ಟುಕೊಂಡರೆ ಸಾಕು.

ಪ್ರಶ್ನೆ: ಕೆಲವು ಸರಣಿಗಳಲ್ಲಿ ಎಲೆಕ್ಟ್ರಿಕ್ ಮೋಟಾರ್ ಬಿಡುತ್ತಾರೆ, ಕೆಲವು ಕಡೆ ಪೆಡಲ್, ಹುಟ್ಟು ಮಾತ್ರ. ಒಂದೇ ಪಟ್ಟಿಯಲ್ಲಿ ಹಾಕೋದು ಸರೀನಾ?

ಉತ್ತರ: ಒಂದು ಪಂದ್ಯದ ಒಳಗೆ ಎಲ್ಲರಿಗೂ ಒಂದೇ ನಿಯಮ ಇದ್ದರೆ ಸರಿ. ಮೋಟಾರ್ ಇಟ್ಟುಕೊಂಡರೂ ಮೀನು ತಾನಾಗಿ ಕಚ್ಚುವುದಿಲ್ಲ.

ಪ್ರಶ್ನೆ: ತಿಂಗಳಿಡೀ ನಡೆಯುವ ಆನ್‌ಲೈನ್ ಪಂದ್ಯಗಳನ್ನೂ ಸೇರಿಸಬಹುದಾ? ರಾಜ್ಯದಲ್ಲಿ ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಹಿಡಿಯಬಹುದು.

ಉತ್ತರ: ಬೇಡ. ಅದೇ ದಿನ, ಅದೇ ನೀರು ಅನ್ನುವುದೇ ಅಲ್ಲಿ ಇಲ್ಲ. ಕೆಲಸ ಬಿಟ್ಟವರು ಮೂವತ್ತು ದಿನ ಹೋಗುತ್ತಾರೆ, ಎರಡು ಮಕ್ಕಳಿರುವವರು ಎರಡು ಭಾನುವಾರ. ಖುಷಿಗೆ ಆಡಿ. ಪಟ್ಟಿಯಿಂದ ಹೊರಗಿಡಿ.

ಪ್ರಶ್ನೆ: ನಮ್ಮ ಮನೆಯವರು ಹೋದ ವರ್ಷ 14ನೇ ರ್‍ಯಾಂಕ್‌ನಲ್ಲಿದ್ದರು. ಮಂಡಿ ಆಪರೇಷನ್ ಆಗಿ ಈ ವರ್ಷ ನೀರಿಗೇ ಇಳಿದಿಲ್ಲ. ಈಗ 31 ಅಂತ ತೋರಿಸುತ್ತಿದೆ. ಸೋತೇ ಇಲ್ಲದೆ ಇಳಿಯೋದು ಹೇಗೆ? ಊಟಕ್ಕೆ ಕೂತರೆ ಇದೇ ಮಾತು, ನನಗೂ ಸಾಕಾಗಿದೆ. (ಜಾರ್ಜಿಯಾ)

ಉತ್ತರ: ನಿಮ್ಮ ಮನೆಯವರ ಕಡೆ ನ್ಯಾಯ ಇದೆ ಅಮ್ಮಾ. ಹಳೆಯ ಫಲಿತಾಂಶದ ಬೆಲೆ ತಿಂಗಳು ತಿಂಗಳು ಇಳಿಸುತ್ತಾ ಹೋಗುವುದು ಬಹಳ ಪಟ್ಟಿಗಳ ಪದ್ಧತಿ. ಇಲ್ಲದಿದ್ದರೆ ಆಟ ಬಿಟ್ಟವರು ಮೇಲೇ ಕೂತಿರುತ್ತಾರೆ. ಆದರೆ ಮಂಡಿ ನೋವಿನಿಂದ ಗಾಳ ಹಾಕುವ ಕೈ ಕೆಡುವುದಿಲ್ಲವಲ್ಲ. ಅವರ ಬಲ ಇಳಿದಿಲ್ಲ, ಅವರ ಬಗ್ಗೆ ಪಟ್ಟಿಗೆ ಇರುವ ಮಾಹಿತಿ ಹಳೆಯದಾಗಿದೆ. ಗ್ಲಿಕೋದಲ್ಲಾದರೆ ಅಂಕ ಹಾಗೇ ಇದ್ದು ಪಕ್ಕದ ಅನುಮಾನದ ಅಂಕಿ ದೊಡ್ಡದಾಗುತ್ತಿತ್ತು. ವರ್ಷದಿಂದ ಆಡದವರ ಹೆಸರನ್ನು ನಂಬರ್ ಇಲ್ಲದೆ ಬೇರೆ ಕಾಲಂನಲ್ಲಿ ಇಡಿ ಅಂತ ಪಟ್ಟಿ ಮಾಡುವವರಿಗೆ ಒಂದು ಪತ್ರ ಬರೆಯಲಿ. ಊಟದ ಹೊತ್ತು ಬಿಟ್ಟು ಬರೆಯಲಿ.

ಪ್ರಶ್ನೆ: ನಾವು ಮೂರು ಕ್ಲಬ್ಬಿನವರು ಸೇರಿ ಒಂದು ಪ್ರಾದೇಶಿಕ ಪಟ್ಟಿ ಮಾಡಬೇಕು ಅಂತಿದ್ದೇವೆ. ಮೂರು ವರ್ಷದ ಫಲಿತಾಂಶ ಇದೆ. ಎಲ್ಲಿಂದ ಶುರು ಮಾಡೋದು ಹೇಳಿ. ಫೈಲ್ ನಿಮಗೂ ಕಳಿಸಬಹುದಾ? (ಅಲಬಾಮಾ)

ಉತ್ತರ: ಕಳಿಸಿ. ಸೂತ್ರ ಆಮೇಲೆ, ಮೊದಲು ಹೆಸರುಗಳನ್ನು ಸರಿ ಮಾಡಿ. ಒಬ್ಬರೇ ಒಂದು ಕ್ಲಬ್ಬಿನಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು, ಮೂರನೆಯದರಲ್ಲಿ ಬರೀ ಇನಿಷಿಯಲ್ ಕೊಟ್ಟಿರುತ್ತಾರೆ. ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರು ಇರುತ್ತದೆ, ಜೂನಿಯರ್ ಅನ್ನುವುದನ್ನು ಯಾರೂ ಟೈಪ್ ಮಾಡಿರುವುದಿಲ್ಲ. ಹೀಗಾದರೆ ಎರಡು ಕಡೆ ಆಡಿದವರು ಎರಡು ಬೇರೆ ಜನ ಅಂತ ಕಂಪ್ಯೂಟರ್ ತಿಳಿಯುತ್ತದೆ, ಕ್ಲಬ್ಬುಗಳ ನಡುವೆ ಇದ್ದ ಒಂದು ಸಂಬಂಧವೂ ಕಡಿದುಹೋಗುತ್ತದೆ. ಒಬ್ಬೊಬ್ಬರಿಗೂ ಒಂದು ನಂಬರ್ ಕೊಟ್ಟು, ಅನುಮಾನ ಇದ್ದ ಕಡೆ ಫೋನ್ ಮಾಡಿ ಕೇಳಿ. ಬೇಸರದ ಕೆಲಸ, ಇಬ್ಬರು ಕೂತು ಮಾಡಿ.

ಆಮೇಲೆ ಎರಡು ಅಥವಾ ಹೆಚ್ಚು ಕ್ಲಬ್ಬುಗಳಲ್ಲಿ ಆಡಿದವರು ಎಷ್ಟು, ಯಾವ ಕಡೆಯಿಂದ ಯಾವ ಕಡೆಗೆ ಅಂತ ಎಣಿಸಿ. ಯಾವುದೋ ಎರಡು ಕ್ಲಬ್ಬುಗಳ ನಡುವೆ ಬೆರಳೆಣಿಕೆಯಷ್ಟೇ ಇದ್ದರೆ, ಒಟ್ಟು ಪಟ್ಟಿ ಈ ವರ್ಷ ಬೇಡ. ಬದಲಿಗೆ ಮೂರೂ ಕ್ಲಬ್ಬು ಸೇರಿ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ನೀರಿನಲ್ಲಿ ಎರಡು ಪಂದ್ಯ ಇಡಿ. ಗಂಟರ್ಸ್‌ವಿಲ್ ಜಲಾಶಯ ಬೇಡ, ಅದು ನಿಮ್ಮಲ್ಲಿ ಅರ್ಧ ಜನಕ್ಕೆ ಅಂಗಳ.

ಫೈಲ್‌ನಲ್ಲಿ ಪ್ರತಿ ಪಂದ್ಯಕ್ಕೆ ತಾರೀಖು, ನೀರಿನ ಹೆಸರು, ಬಂದ ಜನ, ಒಬ್ಬೊಬ್ಬರ ಮೀನುಗಳ ಸಂಖ್ಯೆ, ಒಟ್ಟು ಇಂಚು ಇಷ್ಟು ಇದ್ದರೆ ಸಾಕು. ಮೊದಲ ಹತ್ತು ಜನರ ಪಟ್ಟಿ ಮಾತ್ರ ಕಳಿಸಬೇಡಿ. ಎಷ್ಟೋ ಕ್ಲಬ್ಬುಗಳು ಬಹುಮಾನ ಬಂದವರದ್ದಷ್ಟೇ ಉಳಿಸಿಕೊಂಡು, ಒಂದೂ ಮೀನು ಸಿಗದವರ ಸಾಲು ಅಳಿಸಿಬಿಡುತ್ತವೆ. ಆ ಸೊನ್ನೆಯ ಸಾಲುಗಳು ನನಗೆ ಬೇಕು, ಒಂದೂ ಬಿಡದೆ.